ಕೊನೆಯ ಬೆಂಚಿನ ಜಾಗ

ಹುಣಸೆಹಣ್ಣನ್ನು ಬಿಸಿನೀರಿನಲ್ಲಿ ನೆನೆಹಾಕಿದಾಗ ಏಳುವ ವಾಸನೆಗೆ ಎಲ್ಲರಿಗೂ ಸಾರು ನೆನಪಾಗುತ್ತದೆ. ನನಗೆ ನೆನಪಾಗುವುದು ಸಿಂಗಾಪುರದ ಹೌಗಾಂಗಿನ ಒಂದು ಚರ್ಚು, ಅದರ ಹಿಂದಿನ ನಲ್ಲಿಕಟ್ಟೆ, ಮೊಣಕೈವರೆಗೆ ಹುಳಿ ಮೆತ್ತಿಕೊಂಡು ಹಿತ್ತಾಳೆ ತಿಕ್ಕುತ್ತಿದ್ದ ಸ್ಟೆಲ್ಲಾ ಆಂಟಿ. ನಾವು ಚರ್ಚಿಗೆ ಹೋಗುವ ಮಂದಿಯಲ್ಲ. ಅಪ್ಪ ಅಮ್ಮ ಇಬ್ಬರೂ ಊರಿನ ಇನ್ನೊಂದು ತುದಿಯ ಒನ್-ನಾರ್ತ್‌ನಲ್ಲಿ ಕೆಲಸ ಮಾಡುತ್ತಿದ್ದರು, ಮನೆ ಸೇರುವಾಗ ಏಳೂವರೆ ಆಗುತ್ತಿತ್ತು. ಶಾಲೆ ಬಿಟ್ಟ ಮೇಲೆ ನಾನು ಇರುತ್ತಿದ್ದದ್ದು ನಮ್ಮದೇ ಬ್ಲಾಕಿನಲ್ಲಿ ಎರಡು ಮಹಡಿ ಕೆಳಗಿದ್ದ ಆಂಟಿಯ ಮನೆಯಲ್ಲಿ. ಆಂಟಿ, ಅವರ ಗಂಡ ಜಯರಾಜ್ ಅಂಕಲ್, ಇಬ್ಬರೂ ಮೈಸೂರು ಕಡೆಯವರು. ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು, ಹಾಲಿನಲ್ಲಿ ಯೇಸುವಿನ ಪಟ, ಅದರ ಕೆಳಗೆ ಎರಡು ಜಡೆ ಹಾಕಿಕೊಂಡ ಹುಡುಗಿಯ ಫೋಟೋ. ನಿಮಗೂ ಇಂಥದೊಂದು ಮನೆ ಇದ್ದಿರಬಹುದು. ನಿಮ್ಮದಲ್ಲದಿದ್ದರೂ ಚಪ್ಪಲಿ ಬಿಡುವ ಜಾಗದಿಂದ ಹಿಡಿದು ಸಕ್ಕರೆ ಡಬ್ಬಿಯವರೆಗೆ ನಿಮಗೆ ಗೊತ್ತಿದ್ದ ಮನೆ.

ಫೋಟೋದಲ್ಲಿದ್ದವಳು ಅವರ ಮಗಳು ಆಶಾ. ಏಳು ವರ್ಷಕ್ಕೆ ಜ್ವರ ಬಂದು ಹೋಗಿಬಿಟ್ಟಿದ್ದಳು. ಅಂದಿನಿಂದ ಅಂಕಲ್ ಚರ್ಚಿನ ಮೆಟ್ಟಿಲು ಹತ್ತಿರಲಿಲ್ಲ. ಕೆಲವರು ನೆಂಟರ ಜೊತೆ ಮಾತು ಬಿಡುತ್ತಾರಲ್ಲ, ಹಾಗೆ ಅವರು ದೇವರ ಜೊತೆ ಮಾತು ಬಿಟ್ಟಿದ್ದರು. ಆಂಟಿ ಒತ್ತಾಯ ಮಾಡಿದವರಲ್ಲ. ಭಾನುವಾರ ಒಬ್ಬರೇ ಹೋಗಿ ಒಬ್ಬರೇ ಬರುತ್ತಿದ್ದರು, ಅಂಕಲ್ ಅಷ್ಟರಲ್ಲಿ ಕಾಫಿ ಮಾಡಿಟ್ಟಿರುತ್ತಿದ್ದರು. ನನ್ನ ಮೇಲೆ ಅವರಿಗೆ ಅಕ್ಕರೆಯಿತ್ತು, ಆದರೆ ಮಗಳೇ ಎಂದು ಒಮ್ಮೆಯೂ ಕರೆದವರಲ್ಲ. ನಾನು ಅವರಿಗೆ ಮೇಡಂ. ಹೋಮ್‌ವರ್ಕ್ ಆಯ್ತಾ ಮೇಡಂ, ಉಪ್ಪಿಟ್ಟು ಇಳಿಯುತ್ತಾ ಮೇಡಂ ಎಂದು ರೇಗಿಸುತ್ತಿದ್ದರು.

ಈಸ್ಟರ್‌ಗೆ ಆ ಚರ್ಚಿಗೆ ವರ್ಷವಿಡೀ ಬಾರದವರೆಲ್ಲ ಬರುತ್ತಿದ್ದರು. ಅವರನ್ನು ಬರಮಾಡಿಕೊಳ್ಳುವ ಏರ್ಪಾಡು ಆಂಟಿಯದು. ಬೇರೆಯವರಾಗಿದ್ದರೆ ಅತಿಥಿಗಳಿಗೆ ಮುಂದಿನ ಸಾಲು ಕಾದಿರಿಸುತ್ತಿದ್ದರೇನೋ, ಆಂಟಿ ಕಾದಿರಿಸುತ್ತಿದ್ದದ್ದು ಬಾಗಿಲ ಪಕ್ಕದ ಕೊನೆಯ ಬೆಂಚು. ಬಹಳ ದಿನದ ಮೇಲೆ ಬರುವವರು ಮುಂದೆ ಹೋಗಿ ಕೂರಲಾರರು, ಹಿಂದೆ ನುಸುಳಿ ಕೂತು ಯಾವಾಗ ಬೇಕಾದರೂ ಎದ್ದು ಹೋಗುವ ಹಾಗಿರಬೇಕು, ಹಾಗಾಗಿ ಹಿಂದಿನ ಬೆಂಚೇ ಎಲ್ಲಕ್ಕಿಂತ ಚೆನ್ನಾಗಿರಬೇಕು ಎನ್ನುವುದು ಅವರ ವಾದ. ಒರಸಿದ್ದನ್ನೇ ಒರಸುತ್ತಿದ್ದರು, ಮಂಡಿಯೂರುವ ಹಲಗೆಗೆ ಹೊಸ ಬಟ್ಟೆ ಹೊಲಿಯುತ್ತಿದ್ದರು, ಅಲ್ಲೇ ಕೂತು ಫ್ಯಾನಿನ ಗಾಳಿ ಬರುತ್ತದೋ ಇಲ್ಲವೋ ನೋಡುತ್ತಿದ್ದರು. ಬೆಂಚಿನ ಅಂಚಿನ ಒಂದು ಜಾಗಕ್ಕೆ ಮಾತ್ರ ಒಂದು ಚೀಟಿ ಅಂಟಿಸುತ್ತಿದ್ದರು. ಅದರ ಮೇಲೆ ಹೆಸರಿರಲಿಲ್ಲ. ಆದರೂ ಅದು ಯಾರ ಜಾಗ ಎನ್ನುವುದು ಹತ್ತು ವರ್ಷದ ನನಗೂ ಗೊತ್ತಿತ್ತು.

2012ರ ಮಾತು, ನಾನಾಗ ಪ್ರೈಮರಿ ಫೋರ್. ಗುಡ್ ಫ್ರೈಡೇ ಮರುದಿನ ಬೆಳಿಗ್ಗೆ ಆಂಟಿ ನನ್ನನ್ನೂ ಕರೆದುಕೊಂಡು ಹೋದರು. ಪೀಠದ ಬಿಳಿ ಬಟ್ಟೆಯನ್ನೆಲ್ಲ ತೆಗೆದಿದ್ದರು. ಮೂರ್ತಿಗಳಿಗೆ ನೇರಳೆ ಬಟ್ಟೆ ಹೊದಿಸಿತ್ತು, ಹೂವಿಲ್ಲ, ದೀಪವಿಲ್ಲ. ಸಾವಾದ ಮನೆಯ ಹಾಗಿದೆಯಲ್ಲ ಎಂದೆ. ಹೌದು, ಸಂಜೆ ಈಸ್ಟರ್ ಪೂಜೆ ಶುರುವಾಗುವವರೆಗೆ ಸಾವಾದ ಮನೆಯೇ ಎಂದರು ಆಂಟಿ. ಬಾಗಿಲ ಒಳಗೆ ನಿಲ್ಲಿಸಲು ಒಂದು ಹಿತ್ತಾಳೆ ದೀಪದ ಕಂಬವಿತ್ತು, ತುದಿಯಲ್ಲಿ ಶಿಲುಬೆ, ಅದರ ಕೆಳಗೆ ಐದು ಬತ್ತಿಯ ತಟ್ಟೆ, ಹೆಚ್ಚೂಕಡಿಮೆ ನನ್ನಷ್ಟೇ ಎತ್ತರ. ಊರಿನ ಕಡೆಯವರು ಯಾರೋ ಹಿಂದೆ ಕೊಟ್ಟಿದ್ದಂತೆ. ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ತೊಳೆದು, ಒರಸಿ, ವರಾಂಡದಲ್ಲಿ ನಿಲ್ಲಿಸಿದೆವು. ಎಣ್ಣೆ ಹಚ್ಚಿ ಹೊಳಪು ಕೊಡಲು ನನಗೆ ಹೇಳಿ ಆಂಟಿ ಲಿಲ್ಲಿ ಹೂಗಳನ್ನು ಜೋಡಿಸಲು ಒಳಗೆ ಹೋದರು.

ನಮ್ಮ ಮನೆಯಲ್ಲಿ ತೊಳೆದ ದೀಪವನ್ನು ಬೋಳಾಗಿ ಬಿಡುವ ಪದ್ಧತಿಯಿಲ್ಲ. ಪ್ರತಿ ಶುಕ್ರವಾರ ಅಮ್ಮ ದೀಪ ತೊಳೆದ ಕೂಡಲೇ ಅರಿಸಿನ ಕುಂಕುಮ ಇಡುವುದು ನನ್ನ ಕೆಲಸವಾಗಿತ್ತು. ಅಷ್ಟೆಲ್ಲ ಅತಿಥಿಗಳು ಬರುವಾಗ ಬಾಗಿಲಲ್ಲಿ ಬೋಳು ದೀಪವೇ? ಆಂಟಿ ಮರೆತಿದ್ದಾರೆ ಎಂದುಕೊಂಡೆ. ರಸ್ತೆಯಾಚೆಯೇ ನಮ್ಮ ಬ್ಲಾಕು. ಓಡಿಹೋಗಿ ದೇವರ ಗೂಡಿನಿಂದ ಎರಡೂ ಬಟ್ಟಲು ತಂದು, ಐದು ಮೂತಿಗೂ, ಕಂಬದ ಗಂಟುಗಂಟಿಗೂ, ಕೊನೆಗೆ ಶಿಲುಬೆಗೂ ಮನಸಾರೆ ಇಟ್ಟೆ. ಎಣ್ಣೆಯ ಮೇಲೆ ಕುಂಕುಮ ಚೆನ್ನಾಗಿ ಕೂತಿತು. ದೂರ ನಿಂತು ನೋಡಿ ಹೆಮ್ಮೆಪಟ್ಟೆ.

ಮೊದಲು ನೋಡಿದ್ದು ಚರ್ಚನ್ನು ನೋಡಿಕೊಳ್ಳುತ್ತಿದ್ದ ಆಲ್ಬರ್ಟ್ ಅಂಕಲ್, ವಯಸ್ಸಾದ ಚೀನೀ ಮನುಷ್ಯ. ಅವರೇನೂ ಗದರಲಿಲ್ಲ. ತಲೆ ಕೆರೆದುಕೊಂಡು, “ಗರ್ಲ್, ದಿಸ್ ಒನ್ ಕೆನಾಟ್ ಲಾ” ಎಂದು ಮೆಲ್ಲಗೆ ಹೇಳಿ ಆಂಟಿಯನ್ನು ಕರೆದರು. ಆಂಟಿಯ ಮುಖ ನೋಡಿದ ಕೂಡಲೇ ನನಗೆ ಅಳು ಬಂತು. ಒರಸಿದಷ್ಟೂ ಕುಂಕುಮ ಎಣ್ಣೆಯ ಜೊತೆ ಕೆತ್ತನೆಯ ಸಂದಿಗೆ ಇಳಿಯುತ್ತಿತ್ತು. ಹುಣಸೆಹಣ್ಣು ಮುಗಿದಿತ್ತು, ಹೂವಿನ ಕೆಲಸ ಅರ್ಧಕ್ಕೆ ನಿಂತಿತ್ತು. ಆಂಟಿ ಸ್ವಲ್ಪ ಹೊತ್ತು ಫೋನು ಹಿಡಿದುಕೊಂಡೇ ನಿಂತು, ಆಮೇಲೆ ಮನೆಗೆ ಫೋನ್ ಮಾಡಿ, ಹುಣಸೆಹಣ್ಣಿನ ಡಬ್ಬಿ, ಹಳೇ ಟೂತ್‌ಬ್ರಶ್ ಗೇಟಿನ ಹತ್ತಿರ ತಂದುಕೊಡುತ್ತೀರಾ ಎಂದು ಕೇಳಿದರು. ಗೇಟಿನ ಹತ್ತಿರ ಎನ್ನುವುದನ್ನು ಎರಡು ಸಲ ಹೇಳಿದರು.

ಅಂಕಲ್ ಬಂದು ಗೇಟಿನ ಹೊರಗೇ ನಿಂತರು. ಡಬ್ಬಿ ಇಸಿದುಕೊಳ್ಳಲು ಹೋದ ನಾನು ಅಳುತ್ತಲೇ ನಡೆದದ್ದನ್ನೆಲ್ಲ ಹೇಳಿದೆ. ಅವರು ನನ್ನ ತಲೆಯ ಮೇಲಿಂದ ವರಾಂಡದ ಕಡೆ ನೋಡಿದರು. ನಾನು ಡಬ್ಬಿಗೆ ಕೈ ಚಾಚಿದೆ, ಅವರು ಕೊಡಲಿಲ್ಲ. ಒಳಗೆ ನಡೆದು ಬಂದು ಮೆಟ್ಟಿಲ ಮೇಲೆ ಕೂತರು. ಮೆಷಿನ್ ಶಾಪಿನಲ್ಲಿ ಕೆಲಸ ಮಾಡಿದ ಕೈ ಅದು. ದೀಪದ ಕಂಬವನ್ನು ತಿರುಗಿಸಿ ತಿರುಗಿಸಿ ಐದು ತುಂಡಾಗಿ ಬಿಚ್ಚಿದರು. ಅದು ಬಿಚ್ಚುತ್ತದೆ ಎನ್ನುವುದೇ ನಮಗೆ ಗೊತ್ತಿರಲಿಲ್ಲ. ಒಂದೊಂದನ್ನೂ ತಿಕ್ಕುತ್ತಾ ಕೇಳಿದರು:

“ಯಾಕ್ ಇಟ್ರಿ ಮೇಡಂ, ಕುಂಕುಮ?”

“ಗೆಸ್ಟ್ಸ್ ಬರ್ತಾರೆ ಅಂದ್ರಲ್ಲ ಅಂಕಲ್. ದೀಪ ಬೋಳಾಗಿದ್ರೆ ಅವರಿಗೆ ಬೇಜಾರಾಗಲ್ವಾ?”

ಅವರು ಬ್ರಶ್ಶನ್ನು ನೀರಿಗೆ ಅದ್ದಿ ಮುಂದಿನ ತುಂಡನ್ನು ಎತ್ತಿಕೊಂಡರು. ತುಂಡುಗಳನ್ನು ಜೋಡಿಸುವಾಗ ಮೇಲಿನ ತಿರುಪಿನೊಳಗೆ ಇನ್ನೂ ಕೆಂಪು ಇದ್ದದ್ದನ್ನು ನಾನೇ ತೋರಿಸಿದೆ. “ಇರ್ಲಿ ಬಿಡು ಮಗಳೇ, ಒಳಗ್ ಹೋಗುತ್ತೆ, ಯಾರಿಗೂ ಕಾಣಲ್ಲ,” ಎಂದು ತಿರುಗಿಸಿ ಬಿಗಿ ಮಾಡಿದರು. ಕಂಬವನ್ನು ಒಳಗೆ ಒಯ್ಯುವವರು ಬೇಕಲ್ಲ, ಆಲ್ಬರ್ಟ್ ಅಂಕಲ್‌ಗೆ ಬೆನ್ನುನೋವು. ಜಯರಾಜ್ ಅಂಕಲ್ ಹೊಸಿಲ ಹೊರಗೆ ಚಪ್ಪಲಿ ಬಿಟ್ಟರು. ಸಿಂಗಾಪುರದ ಚರ್ಚಿನಲ್ಲಿ ಯಾರೂ ಚಪ್ಪಲಿ ಬಿಡುವುದಿಲ್ಲ, ಅದು ಅವರ ಹಳ್ಳಿಯ ರೂಢಿ. ದೀಪವನ್ನು ತಬ್ಬಿ ಎತ್ತಿಕೊಂಡು ಒಳಗೆ ಹೋಗಿ, ಇಳಿಸಿ, ಪಕ್ಕದ ಬೆಂಚಿನ ಮೇಲಿದ್ದ ಚೀಟಿಯನ್ನು ನೋಡಿದರು. ಆಮೇಲೆ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದರು. ಆಂಟಿ ಹಿಂದಿನ ಕೋಣೆಗೆ ಹೋದರು, ಅಲ್ಲಿ ಬಹಳ ಹೊತ್ತು ನಲ್ಲಿ ಸುರಿಯುತ್ತಿತ್ತು.

ಮರುದಿನ ಬಾಗಿಲಲ್ಲಿ ಆಂಟಿಯ ಪಕ್ಕ ನನಗೂ ನಿಲ್ಲಲು ಜಾಗ ಸಿಕ್ಕಿತು. ಅವರು ಹೇಳಿಕೊಟ್ಟಿದ್ದು ಒಂದೇ ಪಾಠ. “ಇಷ್ಟು ದಿನ ಎಲ್ಲಿದ್ರಿ ಅಂತ ಯಾರನ್ನೂ ಕೇಳ್ಬಾರ್ದು ಪುಟ್ಟಿ. ಬನ್ನಿ, ಜಾಗ ಇದೆ, ಅಷ್ಟೇ ಹೇಳೋದು.” ಎಷ್ಟೋ ಜನ ಬಂದರು. ಗೇಟಿನ ಸದ್ದಾದಾಗಲೆಲ್ಲ ನಾವಿಬ್ಬರೂ ಅತ್ತ ನೋಡಿದೆವು. ಅಂಕಲ್ ಬರಲಿಲ್ಲ. ಪೂಜೆ ಮುಗಿದ ಮೇಲೆ ಆಂಟಿ ಚೀಟಿ ಬಿಡಿಸಿ ಪರ್ಸಿಗೆ ಹಾಕಿಕೊಂಡರು. ಅದಾದ ಮೇಲೆ ಪ್ರತಿ ವರ್ಷವೂ ಶನಿವಾರ ಅಂಕಲ್ ಹುಣಸೆಹಣ್ಣಿನ ಡಬ್ಬಿ ಹಿಡಿದು ಬರುತ್ತಿದ್ದರು, ದೀಪ ಬಿಚ್ಚಿ ತೊಳೆದು ಒಳಗಿಟ್ಟು ಹೋಗುತ್ತಿದ್ದರು. ಭಾನುವಾರ ಚೀಟಿಯ ಜಾಗ ಖಾಲಿಯೇ ಇರುತ್ತಿತ್ತು. ಆಂಟಿ ಅಂಟಿಸುವುದನ್ನು ಬಿಡಲಿಲ್ಲ.

2018ರಲ್ಲಿ, ಈಸ್ಟರ್‌ಗೆ ಇನ್ನೂ ಎರಡು ತಿಂಗಳಿರುವಾಗ, ಆಂಟಿ ಕ್ಯಾನ್ಸರಿನಿಂದ ತೀರಿಕೊಂಡರು. ಆ ವರ್ಷ ಈಸ್ಟರ್ ಹಿಂದಿನ ಶನಿವಾರ ಅಂಕಲ್ ಬರಲಿಲ್ಲ. ಹದಿನಾರರ ನಾನು ಒಬ್ಬಳೇ ದೀಪ ಬಿಚ್ಚಿದೆ. ಮೇಲಿನ ತಿರುಪಿನಲ್ಲಿ ಆ ಕೆಂಪು ಇನ್ನೂ ಇತ್ತು, ಆರು ವರ್ಷ ಅವರು ಅದೊಂದನ್ನು ಮುಟ್ಟದೆ ತೊಳೆದಿದ್ದರು. ನಾನೂ ಮುಟ್ಟಲಿಲ್ಲ. ಆಂಟಿಯ ಹಾಗೇ ಒಂದು ಚೀಟಿ ಅಂಟಿಸಿದೆ.

ಭಾನುವಾರ ಗೀತೆ ಶುರುವಾದ ಮೇಲೆ ಗೇಟಿನ ಸದ್ದಾಯಿತು. ಅಂಕಲ್ ಬಂದಿದ್ದರು. ತಾವೇ ಇಸ್ತ್ರಿ ಮಾಡಿದ ಬಿಳಿ ಶರ್ಟು, ಕಾಲರು ಒಂದು ಕಡೆ ಮಡಿಚಿಕೊಂಡಿತ್ತು. ಹೊಸಿಲ ಹೊರಗೆ ಚಪ್ಪಲಿ ಬಿಟ್ಟು ನಿಂತರು. ಆಂಟಿ ಇದ್ದಾಗಲೇ ಬರಬಾರದಿತ್ತೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. “ಬನ್ನಿ ಅಂಕಲ್, ಜಾಗ ಇದೆ,” ಎಂದೆ. ಅವರು ಚೀಟಿ ಬಿಡಿಸಿ ಜೇಬಿಗಿಟ್ಟುಕೊಂಡು ಕೂತರು. ಸ್ವಲ್ಪ ಹೊತ್ತಿಗೆ ಗುರುತಿಲ್ಲದ ಹೆಂಗಸೊಬ್ಬರು ತಡವಾಗಿ ಬಂದು ಬಾಗಿಲಲ್ಲೇ ಅನುಮಾನಿಸುತ್ತಾ ನಿಂತಾಗ, ನಾನು ಬಾಯಿ ತೆರೆಯುವ ಮೊದಲೇ ಅಂಕಲ್ ಒಳಕ್ಕೆ ಸರಿದು, ತಮ್ಮ ಪಕ್ಕದ ಜಾಗವನ್ನು ಅಂಗೈಯಿಂದ ಒರಸಿ ತೋರಿಸಿದರು.

ಮುಂದಿನ ವರ್ಷ ಅವರು ಮನೆ ಮಾರಿ ಮೈಸೂರಿನ ತಂಗಿಯ ಮನೆಗೆ ಹೋದರು, ಅಲ್ಲಿಯೇ ತೀರಿಕೊಂಡರು. ನಾವೂ ಅಪ್ಪ ಅಮ್ಮನ ಆಫೀಸಿಗೆ ಹತ್ತಿರದ ಬ್ಯೂನಾ ವಿಸ್ಟಾಕ್ಕೆ ಶಿಫ್ಟ್ ಆದೆವು. ಈಗ ನಾನು ಹುಣಸೆಹಣ್ಣು ನೆನೆಹಾಕುವುದು ಸಾರಿಗೆ ಮಾತ್ರ. ಆ ಬಾಗಿಲಲ್ಲಿ ಜಾಗ ಇದೆ ಎಂದು ಹೇಳಲು ಈಗ ಯಾರು ನಿಲ್ಲುತ್ತಾರೋ ನನಗೆ ಗೊತ್ತಿಲ್ಲ.