ಗಂಡಿನ ಕಡೆ ಡಿಸ್ಕು, ಹೆಣ್ಣಿನ ಕಡೆ ಡಿಸ್ಕು

ಬನಶಂಕರಿಯ ಛತ್ರದ ಮ್ಯಾನೇಜರ್ ತಿರುಮಲೇಶ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಬೀಳಿಸಿದ್ದು ಬೇರೆ ಯಾರ ಮುಂದೆಯೂ ಅಲ್ಲ, ಮಗಳ ಮದುವೆಗೆ ತಾರೀಖು ಕೇಳಲು ಸುಬ್ರಹ್ಮಣ್ಯಪುರದಿಂದ ಬಂದಿದ್ದ ರಾಮಯ್ಯನವರ ಮುಂದೆ. "ನಮ್ಮಲ್ಲಿ ಬುಕಿಂಗ್ ಕಳೆದುಹೋಗೋ ಚಾನ್ಸೇ ಇಲ್ಲ ಸಾರ್. ಎರಡು ಡಿಸ್ಕು, ಎರಡರಲ್ಲೂ ಅದೇ ಇರತ್ತೆ" ಎಂದವನು ಕಂಪ್ಯೂಟರ್ ಆರಿಸಿ, ಒಂದನ್ನು ಹೊರಗೆಳೆದು, ತಾಂಬೂಲ ಕೊಡುವ ಗತ್ತಿನಲ್ಲಿ ಮುಂದೆ ಚಾಚಿದ. ಅದು ಜಾರಿ ಗ್ರಾನೈಟ್ ನೆಲಕ್ಕೆ ಬಿತ್ತು. ಆಗಲೂ ನಗುತ್ತಲೇ, ಉಳಿದೊಂದನ್ನು ನಂಬಿ ಗುಂಡಿ ಒತ್ತಿದ. ಪರದೆ ಕಪ್ಪಾಗಿಯೇ ಇತ್ತು. ತಮ್ಮ ದಿನ ಖಾಲಿಯಿದೆಯೇ ಎಂದು ಸಂಜೆಯೊಳಗೆ ಹೇಳದಿದ್ದರೆ ಪಕ್ಕದ ರಸ್ತೆಯ ಛತ್ರ ನೋಡಿಕೊಳ್ಳುವುದಾಗಿ ತಿಳಿಸಿ ರಾಮಯ್ಯ ಎದ್ದರು.

ಫೋನು ಹೋದದ್ದು ರಾಜಶ್ರೀಗೆ. ಮುಂಡರಗಿ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆ ಮನೆ. ಸುತ್ತಲಿನ ಛತ್ರ, ಕ್ಲಿನಿಕ್ಕು, ಟ್ಯೂಷನ್ನುಗಳ ಕಂಪ್ಯೂಟರಿಗೆಲ್ಲ ಅವಳೇ ದಿಕ್ಕು. ಕೆಡಿಸಿ ನೋಡದೆ ಏನನ್ನೂ ನಂಬುವ ಜಾಯಮಾನ ಅವಳದಲ್ಲ. ಯುಪಿಎಸ್ ಕೂಡಿಸಿದರೆ ಮೇನ್ ಸ್ವಿಚ್ಚನ್ನು ತಾನೇ ಆರಿಸುತ್ತಾಳೆ. ಭಾನುವಾರ ತನ್ನ ಮನೆಯ ಬೀಗವನ್ನು ಎರಡನೇ ಕೀಯಿಂದಲೇ ತೆಗೆಯುತ್ತಾಳೆ. ಅದಕ್ಕೂ ಅಭ್ಯಾಸ ತಪ್ಪಬಾರದಂತೆ.

ಈ ಜೋಡಿ ಡಿಸ್ಕು ಕೂಡಿಸಿದವಳೂ ಅವಳೇ. ಒಂದರಲ್ಲಿ ಬರೆದದ್ದೆಲ್ಲ ಇನ್ನೊಂದರಲ್ಲೂ ಮೂಡುವಂತೆ ಮಾಡಿ, ಕಂಪ್ಯೂಟರನ್ನು ಎಬ್ಬಿಸುವ ಬೂಟ್ ಭಾಗವನ್ನು ಎರಡನೆಯದಕ್ಕೂ ಹಾಕಬೇಕು ಅನ್ನುವಷ್ಟರಲ್ಲಿ ವರಪೂಜೆಯವರು ಬಂದಿಳಿದಿದ್ದರು. ತಿರುಮಲೇಶ ಅವಳನ್ನು ಸಾಗಹಾಕಿದ್ದ. ಓಲಗದ ಸದ್ದಿನ ನಡುವೆ ಅವಳು, "ಇನ್ನೊಂದಕ್ಕ ಬೂಟ್ ಹಾಕಿಲ್ರಿ ಸರ" ಎಂದು ಕೂಗಿದ್ದಳು.

"ಬೂಟೆಲ್ಲ ಹೊರಗೇ ಇರ್ಲಿ ಬಿಡಮ್ಮ, ಒಳಗೆ ಪೂಜೆ" ಎಂದಿದ್ದ ಮ್ಯಾನೇಜರ್.

ಆಮೇಲೆ ಅವಳು ಬರುತ್ತೇನೆಂದಾಗಲೆಲ್ಲ ಒಂದಲ್ಲ ಒಂದು ಮುಹೂರ್ತ. ಅವನು ಮಾತ್ರ ಕೋಣೆಗಳ ಬೀಗಕ್ಕೆ ಕಟ್ಟುವ ಚೀಟಿಗಳನ್ನೇ ಡಿಸ್ಕುಗಳಿಗೂ ಅಂಟಿಸಿ ಹೆಮ್ಮೆಪಟ್ಟಿದ್ದ: ಒಂದು 'ಗಂಡಿನ ಕಡೆ', ಇನ್ನೊಂದು 'ಹೆಣ್ಣಿನ ಕಡೆ'. ಈಗ ಬಿದ್ದದ್ದು ಗಂಡಿನ ಕಡೆ. ಬೂಟು ಇದ್ದದ್ದು ಅದರಲ್ಲೇ.

ರಾಜಶ್ರೀ ಬಂದವಳೇ ಕೆಲಸಕ್ಕೆ ಕೂತಳು. ಪೆನ್‌ಡ್ರೈವಿನಿಂದ ಕಂಪ್ಯೂಟರ್ ಎಬ್ಬಿಸಿ ಹೆಣ್ಣಿನ ಕಡೆಗೂ ಬೂಟ್ ಹಾಕಿದಳು. ಬುಕಿಂಗುಗಳೆಲ್ಲ ಇದ್ದಂತೆಯೇ ತೆರೆದುಕೊಂಡವು. ರಾಮಯ್ಯ ಕೇಳಿದ್ದ ದಿನ ಖಾಲಿಯಿತ್ತು. ಅವರಿಗೆ ಫೋನ್ ಹೋಯಿತು. ಅವಳು ಹೊಸ ಡಿಸ್ಕು ಕೂಡಿಸಿ, ನಕಲು ಮುಗಿಯುವವರೆಗೆ ಊಟದ ಮನೆಯಲ್ಲಿ ಕೂತು ಚಿರೋಟಿ ತಿಂದಳು. ಮುಗಿದ ಮೇಲೆ ಹೊಸದಕ್ಕೂ ಬೂಟ್ ಹಾಕಿದಳು.

ಸಂಜೆ ರಾಮಯ್ಯನವರ ಎದುರಿಗೇ ಪರೀಕ್ಷೆ. ಒಂದೊಂದು ಸಲ ಒಂದೊಂದು ಡಿಸ್ಕನ್ನು ತಿರುಮಲೇಶನ ಕೈಯಿಂದಲೇ ತೆಗೆಸಿದಳು. ಅವನು ಈ ಸಲ ಹಸುಗೂಸಿನಂತೆ ಎರಡೂ ಕೈಯಲ್ಲಿ ಹಿಡಿದಿದ್ದ. ಎರಡು ಸಲವೂ ಕಂಪ್ಯೂಟರ್ ಸಲೀಸಾಗಿ ಎದ್ದಿತು. ರಾಮಯ್ಯ ತಾರೀಖು ಗಟ್ಟಿ ಮಾಡಿದರು. ಎದೆಯುಬ್ಬಿಸಿದ ತಿರುಮಲೇಶನಿಗೆ ಆಗಲೇ ಹೊಸ ಸಂಶಯ ಹೊಳೆಯಿತು.

"ಅಲ್ಲಮ್ಮ, ಎರಡೂ ಕಡೆ ಒಟ್ಟಿಗೇ ಕೈ ಕೊಟ್ರೆ?"

ರಾಜಶ್ರೀ ಸ್ಕ್ರೂಡ್ರೈವರನ್ನು ಒರೆಸಿ ಚೀಲಕ್ಕೆ ಹಾಕಿಕೊಂಡಳು.

"ಎರಡೂ ಕಡ್ಯಾವ್ರು ಹೋದ ಮ್ಯಾಲೆ ಏನೈತ್ರಿ ಸರ, ಕಸ ಹೊಡದು ಛತ್ರಕ್ಕ ಬೀಗ ಹಾಕ್ರಿ."