ಅವಳ ತಂಬಿಗೆಯ ನೀರು

ಆಗ ನನಗೆ ಹದಿನೆಂಟೋ ಹತ್ತೊಂಬತ್ತೋ ಇರಬೇಕು. ಅದಾಗಿ ಎಪ್ಪತ್ತು ವರ್ಷದ ಹತ್ತಿರವಾಯಿತು. ನಿಜಾಮನ ಆಳ್ವಿಕೆ ಮುಗಿದು ಐದಾರು ವರ್ಷ ಕಳೆದಿತ್ತು. ದಂಡೋತಿ ಕಡೆಯಿಂದ ಮದುವೆಯಾಗಿ ಶಹಾಬಾದಕ್ಕೆ ಬಂದು, ಅತ್ತೆಯ ಜೊತೆ ಕಲ್ಲಿನ ಗಣಿಗೆ ಹೋಗುತ್ತಿದ್ದೆ.

ನಮ್ಮದು ಕ್ರೈಸ್ತರ ಮನೆ. ಹಾಗಂತ ಯೇಸು ನನಗೆ ಗೊತ್ತಿದ್ದ ಎಂದು ಹೇಳಲಾರೆ. ನಿಜಾಮನ ಹೆಸರು ಗೊತ್ತಿದ್ದ ಹಾಗೆ ಆತನ ಹೆಸರೂ ಗೊತ್ತಿತ್ತು, ಅಷ್ಟೇ.

ಒಂದು ಭಾನುವಾರ ನಾನು ಚರ್ಚಿನಲ್ಲಿ ಮೊದಲ ಸಲ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಬೇಕಿತ್ತು. ಅದಕ್ಕೆ ಮೊದಲು ಪಾದ್ರಿಗಳು ಕೂರಿಸಿ ಪ್ರಶ್ನೆ ಕೇಳುವುದು ರೂಢಿ. ನಾನು ಎಲ್ಲ ಬಾಯಿಪಾಠ ಮಾಡಿದ್ದೆ. ಎಲ್ಲಿ ಹುಟ್ಟಿದ, ಯಾರಿಗಾಗಿ ಸತ್ತ, ಹೇಗೆ ಎದ್ದ, ಪಟಪಟ ಒಪ್ಪಿಸಿದೆ. ಬಾವಿಯ ಕಥೆಯನ್ನೂ ಹೇಳಿದೆ: ನಡೆದು ದಣಿದ ಯೇಸು, ತನ್ನ ಜನ ಬಳಕೆ ಇಟ್ಟುಕೊಳ್ಳದ ಕುಲದ ಹೆಂಗಸಿನ ಹತ್ತಿರ ಕುಡಿಯಲು ನೀರು ಕೇಳಿದ್ದು, ಅವಳು ದಂಗಾದದ್ದು.

ಪಾದ್ರಿಗಳು ಕೇಳಿದರು: "ಬಾಯಿಪಾಠ ಚಲೋ ಅದವ್ವ. ಆತನ ಪರಿಚಯ ಅದೇನು ನಿನಗ?"

ನಾನು ಮತ್ತೆ ಬಾಯಿಪಾಠವನ್ನೇ ಮೊದಲಿನಿಂದ ಒಪ್ಪಿಸತೊಡಗಿದೆ. ಭಾನುವಾರ ಪ್ರಾರ್ಥನೆಗೆ ಮೊದಲು ಬಂದು ಹೇಳು, ಆಮೇಲೆ ನೋಡೋಣ ಎಂದರು.

ಅತ್ತೆ ಆ ಭಾನುವಾರಕ್ಕೆಂದು ಚಿತ್ತಾಪುರದ ನೆಂಟರನ್ನೆಲ್ಲ ಕರೆದು ಕೂತಿದ್ದಳು. "ಹೂಂ ಅಂದಿದ್ರ ನಿಮ್ಮಪ್ಪನ ಗಂಟು ಹೋಗ್ತಿತ್ತೇನು?" ಎಂದಳು. ಅನ್ನಬಹುದಿತ್ತು. ಬಾಯಿಗೆ ಬರಲಿಲ್ಲ. ಅಂದಿನಿಂದ ಕೂತರೆ ನಿಂತರೆ ಅದೇ ಪ್ರಶ್ನೆ. ಹಂಚಿನ ಮೇಲೆ ರೊಟ್ಟಿ ಕರಕಲಾದರೂ ಎಚ್ಚರವಿರುತ್ತಿರಲಿಲ್ಲ.

ಗಣಿಯಲ್ಲಿ ನೆಲಕ್ಕೆ ಹಾಸುವ ಒಂದೊಂದು ಪರ್ಸಿ ಕಲ್ಲನ್ನು ಇಬ್ಬರು ಹೆಂಗಸರು ತಲೆಯ ಮೇಲೆ ಹೊರುತ್ತಿದ್ದೆವು. ನನ್ನ ಜೋಡಿ ಕೆಳಗಿನ ಓಣಿಯವಳು. ಆ ಓಣಿಯವರೂ ಕ್ರೈಸ್ತರೇ. ಊರಿನವರು ನಮ್ಮ ಓಣಿ, ಅವರ ಓಣಿ ಎರಡನ್ನೂ ದೂರವೇ ಇಟ್ಟಿದ್ದರು. ನಾವು ಮಾತ್ರ ಕುಲದಲ್ಲಿ ಕೆಳಗಿನ ಓಣಿಯವರಿಗಿಂತ ಒಂದು ಕೈ ಮೇಲು ಎಂದುಕೊಂಡಿದ್ದೆವು. ಕಲ್ಲು ಒಂದೇ, ನೀರಿನ ಕೊಡ ಬೇರೆ. ಚರ್ಚಿನಲ್ಲಿಯೂ ಚಾಪೆ ಬೇರೆ, ದ್ರಾಕ್ಷಾರಸದ ಬಟ್ಟಲೂ ಎರಡು. ಅದರ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಶನಿವಾರ ಕಲ್ಲಿನ ಆ ತುದಿಯಿಂದ ಅವಳು ಚುಚ್ಚಿದಳು: "ಏನ್ ತಂಗಿ, ಸಿಕ್ಕನೇನು ಯೇಸು?"

ಸುದ್ದಿ ಆ ಓಣಿಗೂ ಮುಟ್ಟಿತ್ತು. ಕಲ್ಲು ಇಳಿಸಿದ ಕಡೆಯೇ ಅವಳ ಕೊಡವಿತ್ತು. ತಂಬಿಗೆ ಮುಳುಗಿಸಿ ಕುಡಿದಳು, ನನ್ನ ಒಣಗಿದ ಮುಖ ನೋಡಿದಳು. ಕುಡಿ ಅನ್ನಲಿಲ್ಲ, ಅನ್ನುವ ಹಾಗಿರಲಿಲ್ಲ. ನಮ್ಮ ಕೊಡವಿದ್ದುದು ಗಣಿಯ ಆಚೆ ಬದಿಗೆ. ನಡೆದೆ. ಅರ್ಧ ದಾರಿಯಲ್ಲಿ ಕಾಲು ನಿಂತಿತು.

ಆ ಬಾವಿಯ ಕಥೆ ಹೇಳುವಾಗೆಲ್ಲ ಆ ಹೆಂಗಸು ನಾನೇ ಎಂದುಕೊಂಡಿದ್ದೆ. ಊರಿನವರು ನಮ್ಮ ಕೈಯ ನೀರು ಕುಡಿಯುತ್ತಿರಲಿಲ್ಲವಲ್ಲ. ಇಲ್ಲಿ ಆ ಹೆಂಗಸು ನಾನಲ್ಲ, ಹಿಂದೆ ಕೊಡದ ಹತ್ತಿರ ನಿಂತವಳು. ಯೇಸು ನನ್ನ ಜಾಗದಲ್ಲಿ ಕಲ್ಲು ಹೊತ್ತಿದ್ದರೆ ಅವಳನ್ನೇ ಕೇಳುತ್ತಿದ್ದ.

ಆದರೂ ತಿರುಗಿ ಹೋಗಲಿಲ್ಲ. ಅತ್ತೆ ನೋಡುತ್ತಿದ್ದಳು.

ಭಾನುವಾರ ಪಾದ್ರಿಗಳಿಗೆ ನೀರಿನ ಕೊಡದ ಸಂಗತಿ ಹೇಳಿದೆ. "ಆತ ಕೇಳಿ ಕುಡದಾನ್ರಿ. ನಾ ಕೇಳಿಲ್ಲ. ಇಷ್ಟ ಗೊತ್ತಾಗ್ಯಾದ ನನಗ," ಎಂದೆ.

ಅವರು ಮೇಜಿನ ಮೇಲಿನ ಎರಡು ಬಟ್ಟಲುಗಳನ್ನು ನೋಡಿದರು. ಸಾಕವ್ವ, ಬಂದು ಕೂಡು ಎಂದರು. ನಾನು ಕೂತೆ. ಬಟ್ಟಲು ನಮ್ಮ ಚಾಪೆಗೆ ಬಂದಾಗ ಮುಟ್ಟದೆ ಪಕ್ಕದವಳಿಗೆ ದಾಟಿಸಿದೆ. ಒಂದು ತಂಬಿಗೆಗೆ ಹೆದರಿದವಳು ಆ ಬಟ್ಟಲಿಗೆ ಹೇಗೆ ಬಾಯಿ ಇಡಲಿ? ಅತ್ತೆ ತೊಡೆ ಚಿವುಟಿದಳು. ನೆಂಟರು ಗುಸುಗುಸು ಮಾಡಿದರು. ಅವತ್ತು ಮನೆಯಲ್ಲಿ ನನ್ನನ್ನು ಯಾರೂ ಮಾತಾಡಿಸಲಿಲ್ಲ. ಯೇಸುವನ್ನು ಅರಿತರೆ ಸಮಾಧಾನ ಸಿಗುತ್ತದೆ ಎಂದು ಹೇಳಿಕೊಟ್ಟಿದ್ದರು. ನನಗೆ ಆದದ್ದು ಉಲ್ಟಾ. ಇದ್ದ ಸಮಾಧಾನವೂ ಹೋಯಿತು.

ಮರುದಿನ ಬೆಳಿಗ್ಗೆ ಗಣಿಗೆ ಹೋದವಳೇ ಅವಳ ಕೊಡದ ಮುಂದೆ ಕುಕ್ಕರಗಾಲಲ್ಲಿ ಕೂತೆ.

"ಯಕ್ಕಾ, ನೀರು ಕೊಡು."

"ನಿಮ್ಮತ್ತಿ ನೋಡ್ಲಿಕತ್ತಾಳ."

"ನೋಡ್ಲಿ."

ಅವಳು ಮೇಲಿನಿಂದ ಸುರಿಯಲು ತಂಬಿಗೆ ಎತ್ತಿದಳು. ನಾನು ಬೊಗಸೆ ಒಡ್ಡಲಿಲ್ಲ. ತಂಬಿಗೆಯನ್ನೇ ಇಸಿದುಕೊಂಡು ಕಚ್ಚಿ ಕುಡಿದೆ. ನೀರಿನಲ್ಲಿ ಕಲ್ಲಿನ ಧೂಳಿತ್ತು. ತಂಬಿಗೆ ಅವಳ ಕೈಗೆ ಕೊಟ್ಟು, ತಲೆಗೆ ಸಿಂಬಿ ಇಟ್ಟುಕೊಂಡು, ಕಲ್ಲಿನ ನನ್ನ ತುದಿ ಹಿಡಿದೆ.