ಎಲ್ಲಿಗೂ ಹೋಗದ ಕಾಲು

ನಾನು ತಪ್ಪು ಮಾಡುವುದನ್ನು ಬಿಟ್ಟ ಮೇಲೆ ನನಗೆ ಯಾರೂ ಫೋನ್ ಮಾಡುತ್ತಿಲ್ಲ.

ಸಿಂಧನೂರಿನ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕೂತು ಪಂಪ್‌ಸೆಟ್ ಟೈಮರಿಗೆ ಸರ್ಕ್ಯೂಟ್ ಬೋರ್ಡಿನ ನಕ್ಷೆ ಮಾಡುವುದು ನನ್ನ ಕಸುಬು. ಕಂಪ್ಯೂಟರಿನಲ್ಲಿ ಒಂದು ಕಡೆ ಟ್ರಾನ್ಸಿಸ್ಟರಿನ ಚಿತ್ರ, ಅದಕ್ಕೆ ಮೂರು ಕಾಲು. ಇನ್ನೊಂದು ಕಡೆ ಬೆಸುಗೆ ಹಾಕಲು ಮೂರು ತಾಮ್ರದ ಬೊಟ್ಟು, ಅಂದರೆ ಪ್ಯಾಡು. ಯಾವ ಕಾಲು ಯಾವ ಪ್ಯಾಡಿಗೆ ಎಂದು ನಾನು ಹೇಳಬೇಕು. ಮದುವೆ ದಲ್ಲಾಳಿಯ ಕೆಲಸವೇ ಅನ್ನಿ, ಊಟ ಮಾತ್ರ ಸಿಗುವುದಿಲ್ಲ.

ಟ್ರಾನ್ಸಿಸ್ಟರನ್ನು ಮಗುಚಿ ಹಿಡಿದು, ಹೊಟ್ಟೆಯ ಕಡೆಯಿಂದ ನೋಡಿ ಕಾಲು ಗುರುತಿಸುವುದು ನನ್ನ ಚಾಳಿಯಾಗಿತ್ತು. ಎಡದ್ದು ಬಲಕ್ಕೆ ಹೋಗುತ್ತಿತ್ತು. ಕೂಡಲೇ ಮಸ್ಕಿಯಲ್ಲಿ ಬೆಸುಗೆ ಹಾಕುವ ಖಾಜಾಸಾಬರ ಫೋನು: "ಮತ್ತ ಉಲ್ಟಾ ಆಗೈತ್ರಿ ಸರ. ನಾ ತಿರುವಿ ಹಾಕೀನಿ ಬಿಡ್ರಿ." ತಪ್ಪಿನ ಮಾತು ಮುಗಿದರೂ ಫೋನು ಮುಗಿಯುತ್ತಿರಲಿಲ್ಲ. ಮಗಳ ಕಾಲೇಜು, ಕಾಲುವೆಗೆ ನೀರು ಬಿಟ್ಟರೋ ಇಲ್ಲವೋ, ನಾನು ಏನು ಉಂಡೆ, ಎಲ್ಲವೂ ಬರುತ್ತಿತ್ತು. ಕೊನೆಯದನ್ನು ಕೇಳುವವರು ಈ ಲೋಕದಲ್ಲಿ ಅವರೊಬ್ಬರೇ.

ಈಗ ನನಗೆ ಬುದ್ಧಿ ಬಂದಿದೆ. ನಕ್ಷೆಯನ್ನು ನಿಜ ಅಳತೆಯಲ್ಲಿ ಕಾಗದಕ್ಕೆ ಮುದ್ರಿಸಿ, ಟ್ರಾನ್ಸಿಸ್ಟರಿನ ಕಾಲು ಚುಚ್ಚಿ ನೋಡಿಯೇ ಕಳಿಸುತ್ತೇನೆ. ಬೋರ್ಡು ಸರಿಯಾಗಿ ಬರುತ್ತದೆ, ಫೋನು ಸುಮ್ಮನೆ ಬಿದ್ದಿರುತ್ತದೆ. ಒಂಟಿತನ ಅಂದರೆ ಇದೇ ಎಂದು ತಿಳಿಯಲು ನನಗೆ ತಿಂಗಳುಗಳೇ ಹಿಡಿದವು.

ನಿನ್ನೆ ಬೇಕಂತಲೇ ಎರಡು ಕಾಲು ಅದಲುಬದಲು ಮಾಡೋಣ ಎನಿಸಿತು. ಮಾಡಿಯೂ ಬಿಟ್ಟೆ. ಬಿಸಿ ಬೆಸುಗೆ ಕಡ್ಡಿ ಹಿಡಿದು ತಿದ್ದುವುದು ಖಾಜಾಸಾಬರ ಬೆರಳು ಎಂದು ನೆನಪಾಗಿ, ನಾಚಿಕೆಯಾಗಿ ಸರಿಪಡಿಸಿದೆ. ಅಲ್ಲೇ ಪಕ್ಕದಲ್ಲಿ, ಪಂಪನ್ನು ಚಾಲೂ-ಬಂದ್ ಮಾಡುವ ಸ್ವಿಚ್ಚಾದ ರಿಲೇಯ ಒಂದು ಕಾಲು ಕಂಡಿತು. ನಮ್ಮ ಟೈಮರಿನಲ್ಲಿ ಅದಕ್ಕೆ ಕೆಲಸವಿಲ್ಲ, ಯಾವ ತಂತಿಯೂ ಅದಕ್ಕೆ ಬರುವುದಿಲ್ಲ. ಆದರೂ ಅದಕ್ಕೊಂದು ಪ್ಯಾಡು ಕೊಡಲೇಬೇಕು, ಇಲ್ಲದಿದ್ದರೆ ರಿಲೇ ಗಟ್ಟಿಯಾಗಿ ಕೂರುವುದಿಲ್ಲ. ಅದನ್ನೇ ನೋಡುತ್ತ ಕೂತವನು ಎದ್ದು, ಲಿಂಗಸುಗೂರು ಬಸ್ಸು ಹತ್ತಿ ಮಸ್ಕಿಯಲ್ಲಿ ಇಳಿದೆ.

ನನ್ನನ್ನು ಕಂಡು ಖಾಜಾಸಾಬರು ಗಾಬರಿಯಿಂದ ಏನು ತಪ್ಪಾಗಿದೆ ಎಂದು ಕೇಳಿದರು. ಏನೂ ಇಲ್ಲ, ಸುಮ್ಮನೆ ಬಂದೆ ಎಂದೆ. ಅವರು ಸ್ಟೂಲಿನ ಮೇಲಿದ್ದ ಬೋರ್ಡುಗಳನ್ನೆಲ್ಲ ನೆಲಕ್ಕಿಳಿಸಿದರು.

"ಕುಂದರ್ರಿ ಸರ. ಬೋರ್ಡ್ ಎಲ್ಲಾ ಸರಿ ಬರಾಕತ್ತಾವ. ಏನಂತ ಫೋನ್ ಮಾಡ್ಲಿ ಅಂತ ನಾನೂ ಕುಂತಿದ್ದೆ."